ಮರಕುಟಿಗನ ಮುದ್ರೆ

ತಿಲಾ ಗಟ್ಟಿಯನ್ನು ಎತ್ತಿದಳು. ಎತ್ತಿದವಳ ಮಾತು ಅಲ್ಲಿಗೇ ನಿಂತುಹೋಯಿತು.

ಭಾರ ಹೆಚ್ಚಾಗಿತ್ತು.

"ಎಷ್ಟು ತೂಕ ಇರಬಹುದು ಹೇಳಿ ನೋಡೋಣ" ಎಂದು ನಗುತ್ತಾ ಕೇಳಬೇಕಾದ ಹೊತ್ತು ಅದು. ಸಪೋಟ ಮರಕ್ಕೆ ಗೀರು ಹಾಕಿ, ಹಾಲು ಇಳಿಸಿ, ಹಂಡೆಯಲ್ಲಿ ಕಾಯಿಸಿ, ಅಚ್ಚಿಗೆ ಹೊಯ್ದ ಕಂದು ಬಣ್ಣದ ಅಂಟಿನ ಗಟ್ಟಿ. ಒಂದು ಕಾಲದಲ್ಲಿ ಲೋಕವೆಲ್ಲ ಅಗಿದ ಚ್ಯೂಯಿಂಗ್ ಗಮ್ಮಿನ ಮೂಲ ಇದೇ. ಸಾಕ್‌ಮುಲ್‌ನ ಹಾಳುಗುಡಿಗಳನ್ನು ಬೆಳಗ್ಗೆಯಿಂದ ಹತ್ತಿಳಿದು ಸುಸ್ತಾದ ಪ್ರವಾಸಿಗರಿಗೆ, ಊಟಕ್ಕೆ ಮೊದಲು, ಅಡುಗೆ ಚಪ್ಪರದ ಕೆಳಗೆ ಈ ತೂಕದ ಆಟ. ಆರು ವರ್ಷದಿಂದ ವಾರಕ್ಕೆ ನಾಲ್ಕು ಸಲ ಅದೇ ಗಟ್ಟಿಯನ್ನು ಎತ್ತಿದ ತೋಳು ಅವಳದು. ಹತ್ತು ಕಿಲೋ ಎಂದರೆ ಹತ್ತೇ ಕಿಲೋ ಎಂದು ಆ ತೋಳಿಗೆ ಗೊತ್ತು.

ಇವತ್ತು ತೋಳು ಬೇರೆ ಮಾತು ಹೇಳಿತು.

"ಯಾಕಮ್ಮಾ, ಸೊಂಟ ಹಿಡ್ಕೊಂಡಿತಾ?" ಎಂದಳು ಮುಂದಿನ ಬೆಂಚಿನಲ್ಲಿ ಕೂತ ದೊನ್ಯ ಮಿರ್ತಾ. ನಿವೃತ್ತ ಮೇಷ್ಟರ ಹೆಂಡತಿ; ಆ ಕಡೆ ಗೌರವಕ್ಕೆ ಹೆಂಗಸರನ್ನು ದೊನ್ಯ, ಗಂಡಸರನ್ನು ದೊನ್ ಎನ್ನುತ್ತಾರೆ. ಬೆಳಗ್ಗೆಯಿಂದ ಒಂದು ಕಲ್ಲನ್ನೂ ಪ್ರಶ್ನೆ ಕೇಳದೆ ಬಿಟ್ಟವಳಲ್ಲ.

"ವಯಸ್ಸಾಯ್ತಲ್ಲ ದೊನ್ಯ ಮಿರ್ತಾ. ಗಟ್ಟಿಗಲ್ಲ, ನನಗೆ."

ಎಲ್ಲರೂ ನಕ್ಕರು. ತಿಲಾ ಕೂಡ ನಕ್ಕಳು, ಆದರೆ ಗಟ್ಟಿಯನ್ನು ಕೆಳಗಿಡಲಿಲ್ಲ.

ಕಳೆದ ಗುರುವಾರ ಇದೇ ಸಾಕ್‌ಮುಲ್‌ನ ಕಾವಲುಮನೆಯ ಕಬ್ಬಿಣದ ಪೆಟ್ಟಿಗೆಯಿಂದ ಹಾಳುಗುಡಿಯಲ್ಲಿ ಸಿಕ್ಕಿದ್ದ, ಅಂಗೈಯಗಲದ ಹಸಿರುಕಲ್ಲಿನ ಪುರಾತನ ಮುಖವಾಡವೊಂದು ಮಾಯವಾಗಿತ್ತು. ಪೆಟ್ಟಿಗೆಯ ಕೀಲಿ ಇದ್ದದ್ದು ಕಾವಲುಗಾರ ನಿಕಾನೋರ್ ಹತ್ತಿರ, ನಿಕಾನೋರ್ ತಿಲಾಳ ಒಡಹುಟ್ಟಿದ ತಮ್ಮ, ನಾಳೆ ಬೆಳಗ್ಗೆ ಎಂಟರ ವಿಮಾನದಲ್ಲಿ ಅವನನ್ನು ರಾಜಧಾನಿಯ ಜೈಲಿಗೆ ಸಾಗಿಸುವವರಿದ್ದರು.

ಅಲ್ಲಿಗೆ ಹೋದವನು ತಿರುಗಿ ಬರಲು ಎಷ್ಟು ವರ್ಷವೋ. ಅವಳ ಕೈಲಿದ್ದದ್ದು ಇದೊಂದೇ ದಿನ.

ಪೊಲೀಸರು ಮೂರು ದಿನ ದಾರಿ ಮುಚ್ಚಿದ್ದರು. ಕಾಡಿನಿಂದ ಹೊರಬೀಳುವ ಒಂದೇ ರಸ್ತೆಯ ಚೌಕಿಯಲ್ಲಿ ಪ್ರತಿ ಚೀಲ, ಪ್ರತಿ ಬುತ್ತಿ ಬಿಚ್ಚಿ ನೋಡಿದ್ದರು. ಕಲ್ಲು ಸಿಕ್ಕಿರಲಿಲ್ಲ. ಅಂದಮೇಲೆ ಕಲ್ಲು ಕಾಡಿನಲ್ಲೇ ಇದೆ. ನಿಕಾನೋರ್ ಎಲ್ಲೋ ಹೂತಿಟ್ಟಿದ್ದಾನೆ ಎಂದು ಪೊಲೀಸರ ಲೆಕ್ಕ. ತಿಲಾಳ ಲೆಕ್ಕ ಬೇರೆ. ಗುರುವಾರ ಮಧ್ಯಾಹ್ನ ನಿಕಾನೋರ್ ಕೀಲಿಯನ್ನು ಗೂಟಕ್ಕೆ ನೇತುಹಾಕಿ ಹಿಂದಿನ ತೊಟ್ಟಿಯಲ್ಲಿ ಇಪ್ಪತ್ತು ನಿಮಿಷ ಸ್ನಾನ ಮಾಡಿದ್ದ. ಆ ಇಪ್ಪತ್ತು ನಿಮಿಷದಲ್ಲಿ ಯಾರು ಎಲ್ಲಿದ್ದರು?

ಅವತ್ತು ಇದ್ದವರಲ್ಲಿ ನಾಲ್ಕು ಜನ ಇವತ್ತೂ ಇಲ್ಲೇ ಇದ್ದರು. ಅಡುಗೆಯ ರುಫಿನಾ. ವ್ಯಾನಿನ ಡ್ರೈವರ್ ಒಬ್ದುಲಿಯೊ. ಅಂಟು ಇಳಿಸುವುದನ್ನು ಪ್ರವಾಸಿಗರಿಗೆ ತೋರಿಸುವ ಮುದುಕ ದೊನ್ ಚಿಂದೊ, ತಿಲಾಳ ಅಪ್ಪನ ಜೊತೆ ನಲವತ್ತು ವರ್ಷ ಮರ ಹತ್ತಿದವನು. ಮತ್ತೆ ಲಿಸಾಂಡ್ರೊ ಎಂಬ, ನಲವತ್ತೈದರ ಆಸುಪಾಸಿನ ಫೋಟೋಗ್ರಾಫರ್.

ಈ ಲಿಸಾಂಡ್ರೊ ಗುರುವಾರವೂ ಬಂದಿದ್ದ. ಒಂದೇ ವಾರದಲ್ಲಿ ಅದೇ ಹಾಳುಗುಡಿಗೆ ಎರಡು ಸಲ ದುಡ್ಡು ಕೊಟ್ಟು ಬರುವವರನ್ನು ತಿಲಾ ತನ್ನ ಇಪ್ಪತ್ತೆರಡು ವರ್ಷದ ಗೈಡ್ ಕೆಲಸದಲ್ಲಿ ಕಂಡಿರಲಿಲ್ಲ. ಕೇಳಿದ್ದಕ್ಕೆ, "ಅವತ್ತು ಬೆಳಕು ಸರಿ ಸಿಗಲಿಲ್ಲ, ದೊನ್ಯ ತಿಲಾ" ಎಂದಿದ್ದ.

"ಮೇಷ್ಟ್ರೇ, ನೀವೇ ಎತ್ತಿ" ಎಂದು ತಿಲಾ ಗಟ್ಟಿಯನ್ನು ಮಿರ್ತಾಳ ಗಂಡನ ತೊಡೆಯ ಮೇಲಿಟ್ಟಳು.

ದೊನ್ ಅರ್ನುಲ್ಫೊ ಕನ್ನಡಕ ಸರಿಮಾಡಿಕೊಂಡು ಎತ್ತಿದ. "ನಮ್ಮಪ್ಪನದು ದಿನಸಿ ಅಂಗಡಿ. ನನ್ನ ಕೈಯೇ ತಕ್ಕಡಿ. ಹನ್ನೊಂದಕ್ಕೆ ಒಂದು ಗುಂಜಿ ಕಮ್ಮಿ ಇಲ್ಲ."

"ಅಂಗಡಿ ಮುಳುಗಿದ್ದೇ ಆ ತಕ್ಕಡಿಯಿಂದ" ಎಂದಳು ಹೆಂಡತಿ.

ಹೊಸದಾಗಿ ಮದುವೆಯಾದ ಹುಡುಗ ಎಂಟು ಎಂದ. ಅವನ ಹೆಂಡತಿ ಗಂಡನ ಮಾತಿಗೆ ತಲೆಯಾಡಿಸಿದಳು. ನರ್ಸುಗಳಿಬ್ಬರೂ ಒಂಬತ್ತು ಎಂದರು.

"ನೀವು, ದೊನ್ ಲಿಸಾಂಡ್ರೊ?"

"ಹತ್ತು." ಅವನು ಗಟ್ಟಿಯನ್ನು ಮುಟ್ಟಲೂ ಇಲ್ಲ. "ಗುರುವಾರ ನೀವೇ ಹೇಳಿದ್ರಲ್ಲ."

"ನಿಮ್ಮ ನೆನಪು ಚೆನ್ನಾಗಿದೆ."

"ಕೆಲವು ವಿಷಯ ನೆನಪಿರುತ್ತೆ" ಎಂದ ಅವನು. ಆಮೇಲೆ ದೊನ್ ಚಿಂದೊ ಕಡೆ ತಿರುಗಿದ. "ಯಜಮಾನ್ರೇ, ಈ ಗಟ್ಟಿ ನನಗೆ ಕೊಡ್ತೀರಾ? ಸ್ಟುಡಿಯೋದಲ್ಲಿ ಇಟ್ಕೋತೀನಿ. ಐನೂರು ಕೆತ್ಸಾಲ್ ದುಡ್ಡು ಕೊಡ್ತೀನಿ."

ವ್ಯಾನಿಗೆ ಒರಗಿ ನಿಂತಿದ್ದ ಒಬ್ದುಲಿಯೊ ಎರಡು ಹೆಜ್ಜೆ ಮುಂದೆ ಬಂದ. "ಕೊಟ್ಬಿಡಿ ಮಾವ! ಐನೂರು ಯಾರು ಕೊಡ್ತಾರೆ ಇದಕ್ಕೆ? ಬೇರೆದನ್ನ ಹೊಯ್ಕೊಂಡ್ರಾಯ್ತು."

"ಮಾರೋದಲ್ಲ ಅದು."

ದೊನ್ ಚಿಂದೊ ಹಾಗೆ ಗದರಿಸಿ ಮಾತಾಡಿದ್ದನ್ನು ತಿಲಾ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮುದುಕ ಮೇಷ್ಟರ ತೊಡೆಯಿಂದ ಗಟ್ಟಿಯನ್ನು ಕಿತ್ತುಕೊಂಡಂತೆ ಎತ್ತಿಕೊಂಡ. ಎದೆಗವಚಿಕೊಂಡು, ಕಾಲೆಳೆಯುತ್ತಾ ಚಪ್ಪರದ ಹಿಂದಿನ ತನ್ನ ಗುಡಿಸಲಿಗೆ ಹೋದ. ಮರಕ್ಕೆ ಗೀರು ಹಾಕಿ ತೋರಿಸಿದ ಅವನ ಉದ್ದದ ಕತ್ತಿ ಮಾತ್ರ ಗುಡಿಸಲ ಪಕ್ಕದ ಕೊರಡಿನಲ್ಲಿ ಕಚ್ಚಿಕೊಂಡು ಹಾಗೇ ನಿಂತಿತ್ತು.

ಲಿಸಾಂಡ್ರೊ ನಕ್ಕ. "ಕೋಪಿಷ್ಠ ಮುದುಕ."

ತಿಲಾ ಅವನ ಕ್ಯಾಮೆರಾ ಚೀಲವನ್ನು ನೋಡಿದಳು. ಗುರುವಾರ ಅದನ್ನು ಹೊರಲಾರದೆ ಹೊತ್ತು, ದಾರಿಯುದ್ದಕ್ಕೂ ಭುಜ ಬದಲಿಸುತ್ತಿದ್ದ. ಇವತ್ತು ಚೀಲ ಜೋಲು ಬಿದ್ದಿತ್ತು.

ಇನ್ನೊಂದು ಸಂಗತಿಯೂ ಬೆಳಗ್ಗೆಯಿಂದ ಅವಳ ಮನಸ್ಸಿನಲ್ಲಿ ಕೂತಿತ್ತು. ದೊಡ್ಡ ಗುಡಿಯ ದಾರಿಯಲ್ಲಿ ಒಂದು ಚೆಚೆಮ್ ಮರವಿದೆ. ಅದರ ಕಪ್ಪು ಸೊನೆ ತಗುಲಿದರೆ ಗೇರಿನ ಸೊನೆಯ ಹಾಗೆ ಮೈ ಸುಡುತ್ತದೆ. ಪಟ್ಟಣದವರಿಗೆ ಅದೂ ಒಂದು ಮರ, ಒರಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ತಿಲಾ ಪ್ರತಿ ಸಲ ಕೂಗಿ ಹೇಳಬೇಕು. ಇವತ್ತು ಅವಳು ಬಾಯಿ ತೆರೆಯುವ ಮೊದಲೇ ಒಬ್ಬ ಸುತ್ತುಹಾಕಿ ಹೋಗಿದ್ದ. ಈ ಕಾಡನ್ನೇ ಕಂಡಿಲ್ಲ, ಹುಟ್ಟಿ ಬೆಳೆದದ್ದೆಲ್ಲ ರಾಜಧಾನಿ ಎಂದು ವ್ಯಾನಿನಲ್ಲಿ ಹೇಳಿಕೊಂಡಿದ್ದ ಈ ಲಿಸಾಂಡ್ರೊ.

ಅನುಮಾನಕ್ಕೆ ಇಷ್ಟು ಸಾಕು. ಇನ್‌ಸ್ಪೆಕ್ಟರಿಗೆ ಸಾಕಾಗುವುದಿಲ್ಲ. ಮರಕ್ಕೆ ಸುತ್ತುಹಾಕುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲ.

"ಊಟಕ್ಕೆ ಏಳಿ" ಎಂದು ತಿಲಾ ಕೈ ತಟ್ಟಿದಳು. "ಬಿಸಿ ರೊಟ್ಟಿ ಆರಿದ್ರೆ ರುಫಿನಾ ನನ್ನನ್ನ ಬೈತಾಳೆ, ನಿಮ್ಮನ್ನಲ್ಲ."

ಒಲೆಯ ಮುಂದೆ ರುಫಿನಾ ಮೆಕ್ಕೆಜೋಳದ ರೊಟ್ಟಿ ತಟ್ಟುತ್ತಿದ್ದಳು. ಪಕ್ಕದ ಮಡಕೆಯಲ್ಲಿ ಕಪ್ಪು ಕಾಳು ಕುದಿಯುತ್ತಿತ್ತು.

"ರುಫಿನಾ, ಮುದುಕನಿಗೇನಾಗಿದೆ?"

"ನನ್ನ ಕೇಳಬೇಡ. ಶುಕ್ರವಾರದಿಂದ ಹಾಗೇ. ಆ ಗಟ್ಟೀನ ಮಂಚದ ಕೆಳಗೆ ಇಟ್ಕೊಂಡು ಮಲಗ್ತಾನೆ. ಧೂಳು ಹೊಡೆಯೋಣ ಅಂತ ಮುಟ್ಟಿದ್ದಕ್ಕೆ ಬಾಯಿಗೆ ಬಂದ ಹಾಗೆ ಬೈದ. ನಾನು ಎರಡು ದಿನ ಅವನಿಗೆ ಕಾಫಿ ಕೊಡಲಿಲ್ಲ."

"ಗಟ್ಟಿ ಹಳೇದೇನಾ?"

ರುಫಿನಾ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ನಾನೂ ಅದನ್ನೇ ಅಂದ್ಕೊಂಡೆ ಕಣೇ. ಒಂದು ಮೂಲೇಲಿ ಯಾವುದೋ ಮಗು ಕಚ್ಚಿದ ಹಲ್ಲಿನ ಗುರುತಿತ್ತಲ್ಲ? ಈಗಿಲ್ಲ."

ತಿಲಾ ಎದ್ದು ವ್ಯಾನಿನ ಹತ್ತಿರ ಹೋದಳು. ಒಬ್ದುಲಿಯೊ ಕಿಟಕಿ ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ.

"ಐನೂರರಲ್ಲಿ ನಿನಗೆಷ್ಟು?"

"ಅಯ್ಯೋ ಅಕ್ಕಾ..."

"ಎಷ್ಟೋ?"

"ನೂರು. ಗಟ್ಟಿ ಕೊಡಿಸಿದ್ರೆ ನೂರು ಕೊಡ್ತೀನಿ ಅಂದ್ರು. ತಪ್ಪೇನು? ನಿಮ್ಮ ಹಾಗೆ ಬಾಯಲ್ಲಿ ಕತೆ ಹೇಳಿ ಟಿಪ್ಸ್ ತಗೊಳ್ಳೋಕೆ ನನಗೆ ಬರಲ್ಲ."

"ಯಾವಾಗ ಅಂದ್ರು? ಇವತ್ತಾ?"

ಒಬ್ದುಲಿಯೊ ಬಟ್ಟೆ ಹಿಂಡಿದ. "ಗುರುವಾರ, ವಾಪಸ್ ಹೋಗೋವಾಗ. ಮುಂದಿನ ಸಲ ಬಂದಾಗ ಅಂದ್ರು. ಮೂರು ಗಂಟೆಗೆ ಸರಿಯಾಗಿ ಹೊರಡಬೇಕಂತೆ. ಆ ಹೊತ್ತಲ್ಲಿ ಚೌಕೀಲಿ ಯಾರಿರ್ತಾರೆ ಅಂತಲೂ ಕೇಳಿದ್ರು. ಪ್ರುದೆನ್ಸಿಯೊ ಅಂದೆ."

ಗಟ್ಟಿ ಕೊಳ್ಳುವವನಿಗೆ ಚೌಕಿಯಲ್ಲಿ ಯಾರಿದ್ದರೇನು? ತಿಲಾ ಗುಡಿಸಲ ಕಡೆ ನಡೆದಳು. ಚಪ್ಪರದಲ್ಲಿ ಏಳು ತಲೆಗಳನ್ನು ಎಣಿಸಿಯೇ ಹೋದಳು. ಅದು ಕಸುಬಿನ ಅಭ್ಯಾಸ, ಮನೆಯಲ್ಲಿ ನೆಂಟರನ್ನೂ ಎಣಿಸುತ್ತಾಳೆ ಎಂದು ನಿಕಾನೋರ್ ಗೇಲಿ ಮಾಡುತ್ತಿದ್ದ.

ದೊನ್ ಚಿಂದೊ ಮಂಚದ ತುದಿಯಲ್ಲಿ ಕೂತಿದ್ದ. ಪೊರೆ ಬಂದ ಕಣ್ಣು ಬಾಗಿಲ ಬೆಳಕಿನ ಕಡೆ ತಿರುಗಿತು.

"ಯಾರು?"

"ನಾನು ಮಾವ, ತಿಲಾ."

"ಊಟ ಆಯ್ತಾ?"

"ಗಟ್ಟಿ ತೆಗೀರಿ."

"ಊಟ ಮಾಡ್ಕೋ ಹೋಗು ಮಗಾ. ಬಿಸಿಲು ಜಾಸ್ತಿ ಇದೆ."

"ನಾಳೆ ಎಂಟು ಗಂಟೆಗೆ ನಿಕಾನೋರ್‌ನ ಕರ್ಕೊಂಡು ಹೋಗ್ತಾರೆ. ಕೈಗೆ ಕೋಳ ಹಾಕಿ ವಿಮಾನ ಹತ್ತಿಸ್ತಾರೆ. ಅವನು ಒಂದು ಸಲವೂ ವಿಮಾನ ಹತ್ತಿಲ್ಲ. ಗಟ್ಟಿ ತೆಗೀರಿ ಮಾವ."

ತಿಲಾ ಬಗ್ಗಿ ಮಂಚದ ಕೆಳಗಿನ ಗೋಣಿಯನ್ನು ಎಳೆದಳು. ಮುದುಕನ ಒಣಗಿದ ಕೈ ಅವಳ ಮಣಿಕಟ್ಟನ್ನು ಹಿಡಿಯಿತು. ಮರ ಹತ್ತಿದ ಕೈ. ಎಪ್ಪತ್ತನಾಲ್ಕರಲ್ಲೂ ಬಿಗಿಯಾಗಿತ್ತು.

"ಬೇಡ ಕಣೇ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

"ನನ್ನ ಒಳ್ಳೇದಕ್ಕೋ ನಿಮ್ಮ ಒಳ್ಳೇದಕ್ಕೋ?"

ಆ ಮಾತು ಮುದುಕನಿಗೆ ನಾಟಿತು. ಕೈ ಸಡಿಲವಾಯಿತು. ಅವಳಿಗೂ ನೋವಾಯಿತು, ಆದರೆ ಹಿಂದೆಗೆಯಲಿಲ್ಲ.

ಗೋಣಿ ಬಿಚ್ಚಿದಳು. ಗಟ್ಟಿಯ ಒಂದು ಪಕ್ಕದಲ್ಲಿ ಬೆರಳಗಲದ ಬೆಸುಗೆ ಕಂಡಿತು. ಉಳಿದದ್ದೆಲ್ಲ ಹಳೆಯ ಕಂದು, ಅಲ್ಲಿ ಮಾತ್ರ ತಿಳಿ ಬಣ್ಣ. ಯಾರೋ ಗಟ್ಟಿಯ ಒಳಗನ್ನು ಕೊರೆದು, ಏನನ್ನೋ ಇಟ್ಟು, ಬಿಸಿ ಅಂಟಿನಿಂದ ಮುಚ್ಚಿದ್ದರು. ಬೇಸಿಗೆಯಲ್ಲಿ ಮರ ಹಾಲು ಕೊಡುವುದಿಲ್ಲ. ಈ ಗಟ್ಟಿಯನ್ನೂ ಮುಚ್ಚಿದ ಅಂಟನ್ನೂ ಹೊರಗಿನಿಂದ ತಂದು, ಹಲ್ಲಿನ ಗುರುತಿದ್ದ ಹಳೆಯ ಗಟ್ಟಿಯನ್ನು ಕಾಡಿಗೆ ಎಸೆದಿರಬೇಕು.

ಅವಳು ಗಟ್ಟಿಯನ್ನು ಮಗುಚಿದಳು. ಇಷ್ಟು ದಿನ ಕೆಳಗೆ ಮುಖ ಮಾಡಿದ್ದ ಬದಿ ಮೇಲೆ ಬಂತು. ಅಲ್ಲೊಂದು ಮುದ್ರೆ ಇತ್ತು.

ಮರಕುಟಿಗ.

ತಿಲಾ ಗಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ನೆಲದ ಮೇಲೆ ಕೂತಳು.

ಅದು ಅವಳ ಅಪ್ಪನ ಮುದ್ರೆ. ಸಪೋಟ ಕೊರಡಿನಲ್ಲಿ ತಾನೇ ಕೆತ್ತಿಕೊಂಡ ಮುದ್ರೆ. ಆ ಕಾಲದಲ್ಲಿ ಅಂಟು ಇಳಿಸುವವರು ತೂಕ ಹೆಚ್ಚಲೆಂದು ಗಟ್ಟಿಯ ನಡುವೆ ಕಲ್ಲು ಸೇರಿಸುತ್ತಿದ್ದರು. ಕೊಳ್ಳುವವರೂ ಕಮ್ಮಿಯವರಲ್ಲ, ಪ್ರತಿ ಗಟ್ಟಿಯನ್ನೂ ಕತ್ತಿಯಿಂದ ಸೀಳಿ ನೋಡಿಯೇ ತಕ್ಕಡಿಗೆ ಹಾಕುತ್ತಿದ್ದರು. ಮರಕುಟಿಗನ ಮುದ್ರೆ ಇದ್ದ ಗಟ್ಟಿಯನ್ನು ಮಾತ್ರ ಯಾರೂ ಸೀಳುತ್ತಿರಲಿಲ್ಲ. ಅಪ್ಪ ಬಿಟ್ಟುಹೋದ ಆಸ್ತಿ ಎಂದರೆ ಅಷ್ಟೇ, ಆ ಹೆಸರು. ಚೌಕಿಯ ಪ್ರುದೆನ್ಸಿಯೊ ತಕ್ಕಡಿ ಹಿಡಿಯುತ್ತಿದ್ದವನ ಮಗ. ಇವತ್ತಿಗೂ ತಿಲಾ ಸಿಕ್ಕರೆ, "ಹಕ್ಕಿ ಇದ್ರೆ ಕತ್ತಿ ಇಲ್ಲ, ನಮ್ಮಪ್ಪ ಸಾಯೋವರೆಗೂ ಹೇಳ್ತಿದ್ದ" ಎಂದು ಟೋಪಿ ತೆಗೆಯುತ್ತಾನೆ.

ಈ ಗಟ್ಟಿಯನ್ನು ಯಾರೇ ಒಯ್ದರೂ ಪ್ರುದೆನ್ಸಿಯೊ ಸೀಳುವುದಿಲ್ಲ. ಹಕ್ಕಿಯನ್ನು ನೋಡಿ ಕೈಮುಗಿದು ಕಳಿಸುತ್ತಾನೆ.

"ಈಗ ಗೊತ್ತಾಯ್ತಾ?" ಎಂದ ದೊನ್ ಚಿಂದೊ.

"ಇದು ಹೇಗೆ ಸಾಧ್ಯ? ಮುದ್ರೇನ ನಾನೇ ಅಪ್ಪನ ಕೈಗೆ ಕೊಟ್ಟು, ಶವಪೆಟ್ಟಿಗೇಲಿ ಇಟ್ಟೆ. ಹನ್ನೊಂದು ವರ್ಷ ಆಯ್ತು."

"ಇಟ್ಟೆ. ಆಮೇಲೆ ಹೆಂಗಸರೆಲ್ಲ ಒಲೆ ಮುಂದೆ ಹೋದ್ರಿ. ಮುಚ್ಚಳ ಹಾಕಿದ್ದು ನಾನು, ನಿಕಾನೋರ್, ಇಬ್ರೇ. ನಾನು ಮೊಳೆ ತರೋಕೆ ಹೊರಗೆ ಹೋದೆ. ವಾಪಸ್ ಬಂದಾಗ ಅವನು ಅಪ್ಪನ ಕೈ ಹಿಡ್ಕೊಂಡು ಅಳ್ತಿದ್ದ." ಮುದುಕ ಗೋಣಿಯ ಕಡೆ ಕೈ ತೋರಿಸಿದ. "ಶುಕ್ರವಾರ ಗಟ್ಟಿ ಎತ್ತಿದೆ, ಭಾರ. ಕೈಯಾಡಿಸಿದೆ, ಹಕ್ಕಿ. ಸುಮ್ನಾದೆ. ಇವತ್ತು ಆಟಕ್ಕೆ ತರದೇ ಇದ್ರೆ ಯಾಕೆ ಅಂತ ಎಲ್ರೂ ಕೇಳ್ತಾರಲ್ಲ, ಅದಕ್ಕೇ ಹೊರಗೆ ತಂದೆ. ಇನ್ನೇನು ಮಾಡಲಿ? ನನ್ನ ತೊಡೆ ಮೇಲೆ ಬೆಳೆದ ಮಗು ಅವನು."

ಹಾಗಾದರೆ ಮುದುಕ ಗಟ್ಟಿಯನ್ನು ಬಚ್ಚಿಟ್ಟದ್ದು ನಿಕಾನೋರ್‌ನನ್ನು ಉಳಿಸಲು. ಅವಳು ಹುಡುಕುತ್ತಿದ್ದದ್ದೂ ಅವನನ್ನು ಉಳಿಸಲೇ. ಹುಡುಕಿದ ವಸ್ತು ಈಗ ಅವಳ ಮಡಿಲಲ್ಲಿತ್ತು, ಮತ್ತು ಅದರ ಮೇಲೆ ಅವಳ ಮನೆಯ ಗುರುತೇ ಇತ್ತು. ಇದನ್ನು ಠಾಣೆಯ ಮೇಜಿನ ಮೇಲಿಟ್ಟರೆ ಇನ್‌ಸ್ಪೆಕ್ಟರ್ ಕೇಳುವುದು ಒಂದೇ ಪ್ರಶ್ನೆ. ಈ ಮುದ್ರೆ ಯಾರದಮ್ಮಾ?

"ಒಡೆದು ಕಲ್ಲನ್ನ ಹೊರಗೆ ತೆಗೀತೀನಿ. ಗಟ್ಟೀನ ಒಲೆಗೆ ಹಾಕ್ತೀನಿ."

"ಒಡೆದವಳು ನೀನೇ ಅಂದ್ರೆ ಇಟ್ಟವಳೂ ನೀನೇ ಅಂತಾರೆ. ಅಕ್ಕ ತಮ್ಮ ಸೇರಿ ಮಾಡಿದ್ದು ಅಂತಾರೆ."

ಅದೂ ನಿಜ. ಅವಳ ಮನಸ್ಸು, ಬೇಡ ಬೇಡವೆಂದರೂ, ತಮ್ಮನ ಕಡೆ ತಿರುಗಿತು. ಕಳೆದ ವರ್ಷ ಅವನಿಗೆ ಸಂಬಳ ನಾಲ್ಕು ತಿಂಗಳು ಬಂದಿರಲಿಲ್ಲ. ಗುರುವಾರ ಸ್ನಾನಕ್ಕೆ ಎಂದೂ ಇಲ್ಲದ ಇಪ್ಪತ್ತು ನಿಮಿಷ ಹಿಡಿಸಿದ್ದ. ಠಾಣೆಯ ಸರಳಿನ ಹಿಂದಿನಿಂದ, "ಅಕ್ಕಾ, ನೀನು ಇದರಲ್ಲಿ ತಲೆ ಹಾಕಬೇಡ" ಎಂದಿದ್ದ. ಯಾಕೆ ಹಾಗೆಂದ? ಅಕ್ಕನ ಮೇಲಿನ ಪ್ರೀತಿಗೋ, ಹೆದರಿಕೆಗೋ?

ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು. ಎತ್ತಿ ಆಡಿಸಿದ ತಮ್ಮನನ್ನು ಅನುಮಾನಿಸಲು ಅರ್ಧ ನಿಮಿಷ ಸಾಕಾಯಿತಲ್ಲ!

ಅಳು ಬಂತು. ಅಳುತ್ತಲೇ ಅಪ್ಪನ ಹಕ್ಕಿಯನ್ನು ಹೆಬ್ಬೆರಳಿನಿಂದ ಸವರಿದಳು. ಚಿಕ್ಕಂದಿನಲ್ಲಿ ಬಿಸಿ ಗಟ್ಟಿಯ ಮೇಲೆ ಮುದ್ರೆ ಒತ್ತುವ ಕೆಲಸ ಅವಳದೇ ಆಗಿತ್ತು. ಬಾಲ. ಬೆನ್ನು. ಜುಟ್ಟು. ಆಮೇಲೆ ಕೊಕ್ಕು.

ಹೆಬ್ಬೆರಳು ನಿಂತಿತು.

ಅವಳು ಇನ್ನೊಮ್ಮೆ ಸವರಿದಳು. ಕಣ್ಣೊರೆಸಿಕೊಂಡು ಗಟ್ಟಿಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

"ಮಾವ, ನಿಮ್ಮ ಬೆರಳು ಕೊಡಿ."

"ಏನೇ?"

"ಕೊಡಿ ಅಂದ್ರೆ." ಮುದುಕನ ಬೆರಳನ್ನು ಹಿಡಿದು ಮುದ್ರೆಯ ಮೇಲಿಟ್ಟಳು. "ಏನಿದೆ ಹೇಳಿ."

"ಹಕ್ಕಿ. ಆಗಲೇ ನೋಡಿದೆನಲ್ಲ, ಇದು ಜುಟ್ಟು..."

"ಮುಂದಕ್ಕೆ ಬನ್ನಿ."

ಬೆರಳು ನಿಧಾನವಾಗಿ ಮುಂದೆ ಹೋಯಿತು. ತುದಿಯವರೆಗೂ ಹೋಯಿತು. ದೊನ್ ಚಿಂದೊ ಜುಟ್ಟಿನಿಂದ ತುದಿಯವರೆಗೆ ಇನ್ನೊಮ್ಮೆ ಸವರಿದ.

"ಕೊಕ್ಕಿದೆ" ಎಂದ ಕೊನೆಗೆ.

"ಕೊಕ್ಕಿದೆ ಮಾವ!"

ಅವಳಿಗೆ ಎಂಟು ವರ್ಷವಿದ್ದಾಗ ಮುದ್ರೆ ಅವಳ ಕೈತಪ್ಪಿ ಹಂಡೆಯ ಅಂಚಿಗೆ ಬಿದ್ದು ಹಕ್ಕಿಯ ಕೊಕ್ಕು ಮುರಿದಿತ್ತು. ಹೊಡೆತ ಬೀಳುತ್ತದೆಂದು ಮರದ ಹಿಂದೆ ಅಡಗಿದ್ದವಳನ್ನು ಅಪ್ಪ ಎತ್ತಿಕೊಂಡು ಬಂದಿದ್ದ. ಹೊಸ ಮುದ್ರೆ ಕೆತ್ತಲಿಲ್ಲ. "ಇರಲಿ ಬಿಡು, ಇದರಲ್ಲಿ ನಿನ್ನ ಗುರುತೂ ಸೇರ್ತು" ಎಂದಿದ್ದ. ಅಲ್ಲಿಂದ ಸಾಯುವವರೆಗೆ ಅವನ ಪ್ರತಿ ಗಟ್ಟಿಯ ಮೇಲೂ ಬಿದ್ದದ್ದು ಕೊಕ್ಕಿಲ್ಲದ ಮರಕುಟಿಗ. ನಿಕಾನೋರ್ ಹುಟ್ಟಿದ್ದು ಅದರ ಮರುವರ್ಷ. ಕೊಕ್ಕಿದ್ದ ಹಕ್ಕಿಯನ್ನು ಅವನು ಜನ್ಮದಲ್ಲಿ ಕಂಡವನಲ್ಲ.

"ಇದು ಅಪ್ಪನ ಮುದ್ರೆ ಅಲ್ಲ. ಯಾರೋ ಹೊಸದಾಗಿ ಕೆತ್ತಿದ್ದು. ಅಪ್ಪನ ಮುದ್ರೆ ಅಪ್ಪನ ಕೈಲೇ ಇದೆ. ನಿಕಾನೋರ್ ಮುಟ್ಟಿಲ್ಲ ಮಾವ, ಅವನು ಮುಟ್ಟಿಲ್ಲ!"

ಮುದುಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಮೂರು ದಿನ ಆ ಮಗುವನ್ನು ಕಳ್ಳನೆಂದುಕೊಂಡೆನಲ್ಲ ಎಂದು ಬಿಕ್ಕಿದ. ತಿಲಾಳಿಗೆ ಅವನನ್ನು ಸಮಾಧಾನ ಮಾಡುವಷ್ಟು ಹೊತ್ತಿರಲಿಲ್ಲ.

"ಕೊಕ್ಕು ಮುರಿದದ್ದು ಯಾವಾಗ ಅಂತ ಇನ್‌ಸ್ಪೆಕ್ಟರ್‌ಗೆ ಯಾರು ಹೇಳ್ತಾರೆ? ನಾನು ಅಕ್ಕ, ನನ್ನ ಮಾತು ನಂಬಲ್ಲ. ಅಪ್ಪನ ಗಟ್ಟಿಗಳೆಲ್ಲ ಯಾರ‍್ಯಾರದೋ ಬಾಯಲ್ಲಿ ಅಗಿದು ಹೋದವು. ಪ್ರುದೆನ್ಸಿಯೊಗೆ ಹಕ್ಕಿ ಗೊತ್ತು, ಕೊಕ್ಕು ಗೊತ್ತಿಲ್ಲ. ಉಳಿದಿರೋದು ನೀವೊಬ್ರೇ."

"ಬೇಕಾದ್ರೆ ಗೋರಿ ತೆಗೆಸಲಿ."

"ತೆಗೆಸಬೇಕಾದ್ರೂ ಯಾರಾದ್ರೂ ಮೊದಲು ಹೇಳಬೇಕಲ್ಲ. ಬರ್ತೀರಾ ನನ್ನ ಜೊತೆ?"

ದೊನ್ ಚಿಂದೊ ಈ ಕಾಡಿನಿಂದ ಹೊರಗೆ ಕಾಲಿಟ್ಟು ಆರು ವರ್ಷವಾಗಿತ್ತು. ಹಲ್ಲುನೋವಿಗೂ ಹೋಗಿರಲಿಲ್ಲ. "ನನ್ನ ಟೋಪಿ ಎಲ್ಲಿದೆ ನೋಡು" ಎಂದ.

ತಿಲಾ ಗೂಟದಿಂದ ಟೋಪಿ ತೆಗೆದು ಅವನ ತಲೆಗಿಟ್ಟಳು. ಆಗ ಅವಳಿಗೆ ಹೊಳೆಯಿತು.

"ಮಾವ, ಕೊಕ್ಕಿದ್ದಾಗಿನ ಮುದ್ರೇನ ಮಾತ್ರ ಕಂಡವರು ಯಾರು? ಮುರಿದಮೇಲೆ ನೋಡದೇ ಇದ್ದವರು?"

ಮುದುಕ ಟೋಪಿಯ ಅಂಚನ್ನು ತಿರುವುತ್ತಾ ಕೂತ. "ಒಬ್ಬನಿದ್ದ. ಎಲೆಯುತೇರಿಯೊ. ನಮ್ಮ ಬಿಡಾರದಲ್ಲಿ ಹೇಸರಗತ್ತೆ ಹೊಡೀತಿದ್ದ."

"ಅವನನ್ನ ಜಾಗ್ವಾರ್ ಹೊತ್ಕೊಂಡು ಹೋಯ್ತು ಅಂದಿದ್ರಿ?"

"ಮಕ್ಕಳಿಗೆ ಹಾಗೆ ಹೇಳಿದ್ವಿ. ಅವನು ನಿಮ್ಮಪ್ಪನ ಗಟ್ಟೀಲಿ ಗುಡಿಯಿಂದ ಅಗೆದ ಕಲ್ಲುಗೊಂಬೆ ಇಟ್ಟು, ನಿಮ್ಮಪ್ಪನ ಮುದ್ರೆ ಒತ್ತಿ ಸಾಗಿಸ್ತಿದ್ದ. ಆ ಹಕ್ಕಿ ಇದ್ರೆ ಯಾರೂ ಸೀಳಲ್ವಲ್ಲ. ನಿಮ್ಮಪ್ಪನಿಗೆ ಒಂದಿನ ಗೊತ್ತಾಯ್ತು. ನಿಮ್ಮಪ್ಪ ಜೋರಾಗಿ ಮಾತಾಡಿದ್ದು ನಾನು ಕೇಳಿದ್ದು ಅದೊಂದೇ ಸಲ. ನೀನು ಹೆದರಿ ಮುದ್ರೆ ಕೈಬಿಟ್ಟೆ, ನೆನಪಿಲ್ವಾ? ಅವತ್ತೇ."

ತಿಲಾಳಿಗೆ ಹಂಡೆಯ ಹೊಗೆ ನೆನಪಾಯಿತು, ಅಪ್ಪನ ದನಿ ನೆನಪಾಯಿತು. ಮರದ ಹಿಂದೆ ತಾನು ಅಡಗಿದ್ದು ಮುದ್ರೆಗಾಗಿ ಎಂದೇ ನಲವತ್ತನಾಲ್ಕು ವರ್ಷ ಅಂದುಕೊಂಡಿದ್ದಳು.

"ಆಮೇಲೆ?"

"ಅವನು ಅದೇ ಸಂಜೆ ಹೆಂಡತಿ ಮಗೂನ ಕರ್ಕೊಂಡು ಗಡಿ ದಾಟಿದ. ಈ ಕೊಕ್ಕು ಮುರಿದದ್ದು ಅವನಿಗೆ ಗೊತ್ತಿರೋಕೆ ಸಾಧ್ಯ ಇಲ್ಲ. ಆದ್ರೆ ಅವನು ಬದುಕಿದ್ರೆ ತೊಂಬತ್ತು ದಾಟಿರ್ತಾನೆ ಕಣೇ. ಅವನೆಲ್ಲಿ ಇಲ್ಲಿಗೆ ಬರ್ತಾನೆ?"

"ಮಗು ಅಂದ್ರಲ್ಲ. ಗಂಡೋ ಹೆಣ್ಣೋ?"

"ಗಂಡು. ಇನ್ನೂ ಮೊಲೆ ಬಿಟ್ಟಿರಲಿಲ್ಲ."

ನಲವತ್ತನಾಲ್ಕಕ್ಕೆ ಒಂದು ಸೇರಿಸಿದರೆ ಎಷ್ಟು ಎಂದು ತಿಲಾ ಕೂಡಿಸಬೇಕಾಗಿರಲಿಲ್ಲ. ಚೆಚೆಮ್ ಮರವನ್ನು ಸುತ್ತುಹಾಕಿ ನಡೆದ ಆ ಕಾಲುಗಳು ಅವಳ ಕಣ್ಣ ಮುಂದೆ ಬಂದವು. ಹಾಗೆ ನಡೆಯುವುದನ್ನು ರಾಜಧಾನಿಯಲ್ಲಿ ಯಾರೂ ಕಲಿಸುವುದಿಲ್ಲ. ಕಾಡು ಕಂಡ ಅಪ್ಪ ಕಲಿಸುತ್ತಾನೆ.

ಅವಳು ಗಟ್ಟಿಯನ್ನು ಗೋಣಿಗೆ ಹಾಕಿ ಹೆಗಲಿಗೇರಿಸಿದಳು. ಮುದುಕನ ತೋಳು ಹಿಡಿದಳು. ಬಾಗಿಲಾಚೆ ಚಪ್ಪರ ಕಾಣುತ್ತಿತ್ತು, ಅಭ್ಯಾಸದಂತೆ ತಲೆ ಎಣಿಸಿದಳು. ಮೇಷ್ಟರು, ದೊನ್ಯ ಮಿರ್ತಾ, ನರ್ಸುಗಳಿಬ್ಬರು, ಹೊಸ ಜೋಡಿ.

ಆರು.

ಅವಳ ನೋಟ ಗುಡಿಸಲ ಪಕ್ಕದ ಕೊರಡಿನ ಮೇಲೆ ಬಿತ್ತು. ಕತ್ತಿ ಕಚ್ಚಿಕೊಂಡಿದ್ದ ಜಾಗದಲ್ಲಿ ಬರಿಯ ಸೀಳು ಉಳಿದಿತ್ತು.

ಬಾಗಿಲಿನ ಬೆಳಕು ಮುಚ್ಚಿತು. ಲಿಸಾಂಡ್ರೊ ಹೊಸ್ತಿಲ ಮೇಲೆ ನಿಂತಿದ್ದ, ಗೋಡೆಯ ಪಕ್ಕದಿಂದ ಬಂದವನು. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದನೋ. ದೊನ್ ಚಿಂದೊನ ಕತ್ತಿ ಅವನ ಕೈಯಲ್ಲಿ ಕೆಳಮುಖವಾಗಿ, ಹಳೆಯ ಅಭ್ಯಾಸವೆಂಬಂತೆ ಸಲೀಸಾಗಿ ಕೂತಿತ್ತು.

"ಆ ಹಕ್ಕಿ ಇದ್ರೆ ಯಾರೂ ಕತ್ತಿ ಹಾಕಲ್ಲ ಅಂತ ನಮ್ಮಪ್ಪ ದಿನಾ ಹೇಳ್ತಿದ್ದ, ದೊನ್ಯ ತಿಲಾ" ಎಂದ ಅವನು ಮೆತ್ತಗೆ. "ಕೊಕ್ಕಿನ ವಿಷಯ ಅವನಿಗೂ ಗೊತ್ತಿರಲಿಲ್ಲ ಪಾಪ. ಈಗ ಗೊತ್ತಿರೋದು ಎಷ್ಟು ಜನಕ್ಕೆ? ನೀವು ಅಕ್ಕ, ನಿಮ್ಮನ್ನ ಯಾರೂ ನಂಬಲ್ಲ."

ಅವನು ಗೋಣಿಯ ಕಡೆ ನೋಡಲೇ ಇಲ್ಲ. ಅವನ ಕಣ್ಣು, ಟೋಪಿ ಹಾಕಿಕೊಂಡು ಠಾಣೆಗೆ ಹೊರಟು ನಿಂತ ಮುದುಕನ ಮೇಲಿತ್ತು.